ಮರದ ಕುರಿಗಳ ಜೊತೆ ಒಂದು ವರ್ಷ

ನಮ್ಮ ಶಿಶುವಿಹಾರದ ಜಗಲಿಯಲ್ಲಿ ಅಂದು ಇಪ್ಪತ್ತೆರಡು ಪುಟ್ಟ ಕೊಡೆಗಳು ನೀರಿಳಿಸುತ್ತಿದ್ದವು. ಒಳಗೆ ಹೆಚ್ಚುಕಡಿಮೆ ಅಷ್ಟೇ ಮಕ್ಕಳು ಅಳುತ್ತಿದ್ದರು. ಹೆಂಚಿನ ಮೇಲೆ ಜೂನ್ ತಿಂಗಳ ಮಳೆಯ ಸದ್ದು, ಅದನ್ನೂ ಮೀರಿದ ಅಳು, ಒದ್ದೆ ಸಾಕ್ಸುಗಳ ವಾಸನೆ. ಚಿಕ್ಕಮಗಳೂರಿನ ಅಂಚಿನಲ್ಲಿ, ಚರ್ಚಿನ ಆವರಣದೊಳಗೆ ಕನ್ಯಾಸ್ತ್ರೀಯರು ನಡೆಸುವ ಆ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದ ಮೊದಲ ದಿನ ಅದು. ಕೈಯಲ್ಲಿ ನರ್ಸರಿ ತರಬೇತಿಯ ಪ್ರಮಾಣಪತ್ರವಿತ್ತು, ಚೀಲದಲ್ಲಿ ಬಣ್ಣದ ಚಾರ್ಟುಗಳಿದ್ದವು, ಮೂವತ್ತು ಹಾಡುಗಳು ಬಾಯಿಪಾಠವಾಗಿದ್ದವು. ಅವುಗಳಲ್ಲಿ ಒಂದೂ ಆ ವಾರ ಉಪಯೋಗಕ್ಕೆ ಬರಲಿಲ್ಲ.

ಕ್ರೈಸ್ತ ಶಾಲೆಯಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಏನು ಕಲಿಸುತ್ತೀರಿ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಕೆಲವರು ಕುತೂಹಲದಿಂದ ಕೇಳಿದರು, ಕೆಲವರು ಅನುಮಾನದಿಂದ. ನಮ್ಮ ಧರ್ಮಕೇಂದ್ರದ ಹಿರಿಯರಿಗಾದರೆ ಮಗುವಿಗೆ ಎಷ್ಟು ಪ್ರಾರ್ಥನೆ ಬಾಯಿಗೆ ಬರುತ್ತದೆ ಎಂಬ ಲೆಕ್ಕ ಬೇಕಿತ್ತು. ಒಂದೆರಡು ಮಾತಿನಲ್ಲಿ ಉತ್ತರ ಹೇಳಲು ಪ್ರತಿ ಸಲವೂ ಹೋಗಿ ಸೋತಿದ್ದೇನೆ. ಹಾಗಾಗಿ ಆ ಮೊದಲ ವರ್ಷ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಅಳುವ ವಾರದಿಂದಲೇ ತೊಡಗುತ್ತೇನೆ. ಮಗು ಆಟಿಕೆಯ ಕಡೆ ತಿರುಗಿದ ಕ್ಷಣದಲ್ಲಿ ತಾಯಂದಿರು ಹಿಂಬಾಗಿಲಿನಿಂದ ಜಾರಿಕೊಳ್ಳುವುದು ಎಲ್ಲ ಕಡೆ ಇರುವ ರೂಢಿ. ಶಾಲೆಯ ಹೊಣೆ ಹೊತ್ತಿದ್ದ ಹಿರಿಯ ಸಿಸ್ಟರ್ ಅದಕ್ಕೆ ಒಪ್ಪುತ್ತಿರಲಿಲ್ಲ. ಯಾರೂ ಮಗುವಿನ ಕಣ್ಣು ತಪ್ಪಿಸಿ ಹೋಗಬಾರದು, ಹೇಳಿಯೇ ಹೋಗಬೇಕು. ಗಂಟೆ ಹೇಳಿದರೆ ಮಗುವಿಗೆ ತಿಳಿಯುವುದಿಲ್ಲ. “ನೀನು ತಿಂಡಿ ತಿಂದು, ಕಥೆ ಕೇಳಿ, ಚಪ್ಪಲಿ ಹಾಕಿಕೊಳ್ಳುವಾಗ ಬರುತ್ತೇನೆ” ಎನ್ನಬೇಕು. ಹೇಳಿದ ಹೊತ್ತಿಗೆ ಬಂದೇ ಬರಬೇಕು. ಜೊತೆಗೆ ತಾಯಿಯ ಹಳೆಯ ಸೀರೆಯ ಒಂದು ಅಂಗೈಯಗಲದ ತುಂಡನ್ನು ಮಗುವಿನ ಜೇಬಿನಲ್ಲಿಟ್ಟು ಕಳುಹಿಸಬೇಕು. ಹೇಳಿ ಹೋದರೆ ಮಗು ಇನ್ನೂ ಜೋರಾಗಿ ಅಳುತ್ತದೆ, ನಿಜ. ಎರಡನೆಯ ವಾರ ನಾನು ನೋಡಿದ್ದು ಬೇರೆ: ತಿಂಡಿಯಾಗಿ ಕಥೆ ಮುಗಿಯುತ್ತಿದ್ದಂತೆ ಮಕ್ಕಳು ತಾವಾಗಿ ಚಪ್ಪಲಿಯ ಗೂಡಿನ ಕಡೆ ನಡೆದು, ಗೇಟಿನತ್ತ ನೋಡಿ, ಅಮ್ಮನನ್ನು ಕಂಡು ನಗುತ್ತಿದ್ದರು. ಹೋದವರು ಹೇಳಿದಂತೆ ಮರಳಿ ಬರುತ್ತಾರೆ. ನಮ್ಮ ಶಾಲೆಯ ಮೊದಲ ಪಾಠ ಇಷ್ಟೇ. ನಂಬಿಕೆ ಎಂಬ ಪದವನ್ನು ಆ ವಾರ ಯಾರೂ ಬಳಸಲಿಲ್ಲ.

ಆ ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಂದಿ ಮಾತ್ರ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಕನ್ನಡ, ತಮಿಳು, ತುಳು, ಉರ್ದು ಆಡುವವರೆಲ್ಲ ಇದ್ದರು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬವೊಂದರ ಹುಡುಗಿ ದಸರೆಯವರೆಗೆ ಒಂದೂ ಮಾತಾಡಲಿಲ್ಲ. ಪ್ರವೇಶದ ದಿನವೇ ಸಿಸ್ಟರ್ ಪ್ರತಿಯೊಬ್ಬ ತಂದೆತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಬೆಳಗಿನ ಪ್ರಾರ್ಥನೆಗೆ ಮಗು ಕೂರಬಹುದೇ, ಬೈಬಲ್ ಕಥೆ ಕೇಳಬಹುದೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಸಂವಿಧಾನದ 28ನೇ ವಿಧಿ ಹೇಳುವುದೂ ಅದನ್ನೇ: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಮಕ್ಕಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೆ ಕೂರಿಸುವಂತಿಲ್ಲ. ಕಾನೂನು ಇರದಿದ್ದರೂ ಕೇಳುತ್ತಿದ್ದೆ ಎಂದು ಸಿಸ್ಟರ್ ನನಗೆ ಹೇಳಿದರು. ಶಿಲುಬೆಯ ಗುರುತನ್ನು ಕ್ರೈಸ್ತ ಮಕ್ಕಳಿಗೆ ಮಾತ್ರ ಕಲಿಸಿದೆವು. ಉಳಿದವರು ಕೈಮುಗಿದೋ ಅಂಗೈ ಬಿಚ್ಚಿಯೋ ಸುಮ್ಮನೆಯೋ ಕೂರುತ್ತಿದ್ದರು. ಪ್ರಾರ್ಥನೆಯೂ ಬಹಳ ಚಿಕ್ಕದು. ಪ್ರತಿ ಮಗು ಒಂದು ವಸ್ತುವಿಗೆ ಅಥವಾ ಒಬ್ಬರಿಗೆ ಕೃತಜ್ಞತೆ ಹೇಳಬೇಕು. “ಅಜ್ಜಿಗೆ.” “ಅಕ್ಕಿರೊಟ್ಟಿಗೆ.” “ನಮ್ಮ ನಾಯಿ ಮರಿ ಹಾಕಿದ್ದಕ್ಕೆ.” ಮಳೆಗಾಲ ಇಡೀ ಒಬ್ಬಳು ದಿನವೂ “ಒಣಗಿದ ಸಾಕ್ಸಿಗೆ” ಎನ್ನುತ್ತಿದ್ದಳು. ಬೂಟಿನೊಳಗೆ ಕಾಲು ಬೆಚ್ಚಗಿರುವುದಕ್ಕೆ ನಾನು ಎಂದಾದರೂ ದೇವರಿಗೆ ವಂದನೆ ಹೇಳಿದ್ದೆನೇ ಎಂದು ಯೋಚಿಸಿದೆ. ಹೇಳಿರಲಿಲ್ಲ.

ಜುಲೈನಲ್ಲಿ ನಾನು ಒಂದು ತಪ್ಪು ಮಾಡಿದೆ. ಇವತ್ತಿಗೂ ನೆನೆದರೆ ಮನಸ್ಸು ಕುಗ್ಗುತ್ತದೆ.

ಪೋಷಕರು ಪುಸ್ತಕ ನೋಡಲು ಕೇಳತೊಡಗಿದ್ದರು. ಬೇರೆ ಶಾಲೆಯ ಮಕ್ಕಳು ಆಗಲೇ ನಾಲ್ಕು ಗೆರೆಯ ಪುಸ್ತಕ ತುಂಬಿಸುತ್ತಿದ್ದರು. ಸಿಸ್ಟರ್ ಊರಲ್ಲಿರದ ಒಂದು ದಿನ ನಾನು ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟು ‘ಅ’ ಬರೆಸಲು ಕೂರಿಸಿದೆ. ಆಲ್ದೂರಿನ ಕಡೆಯ ಎಸ್ಟೇಟೊಂದರ ಕೂಲಿಕಾರರ ಲೈನ್ ಮನೆಯಿಂದ ಬರುತ್ತಿದ್ದ ಹುಡುಗನೊಬ್ಬನಿಗೆ ಪೆನ್ಸಿಲ್ ಹಿಡಿಯಲೇ ಬರುತ್ತಿರಲಿಲ್ಲ. ಅವನ ಮುಷ್ಟಿಯನ್ನು ನನ್ನ ಮುಷ್ಟಿಯೊಳಗೆ ಹಿಡಿದು ಒಂದು ಸಾಲು ಬರೆಸಿದೆ, ಎರಡು ಸಾಲು ಬರೆಸಿದೆ. ಮೂರನೆಯ ಸಾಲಿಗೆ ಅವನ ಚಡ್ಡಿ ಒದ್ದೆಯಾಯಿತು. ಅಳಲಿಲ್ಲ. ನನ್ನ ಮುಖ ನೋಡಿದ, ಅಷ್ಟೇ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಅವನ ತಾಯಿ ಕರೆತಂದು ಬಿಟ್ಟಾಗ ನಾನು ಮೊಣಕಾಲೂರಿ ಅವನಲ್ಲಿ ಕ್ಷಮೆ ಕೇಳಿದೆ. ಹಾಗೆ ಕೇಳಲು ಸಿಸ್ಟರ್ ನನಗೆ ಹೇಳಿದ್ದರು. “ಮಕ್ಕಳಿಗೆ ಕ್ಷಮೆ ಕೇಳುವುದನ್ನು ಕಲಿಸುತ್ತೇವೆ. ಅವರು ಅದನ್ನು ಯಾರಲ್ಲಿ ನೋಡಬೇಕು?” ಎಂದಿದ್ದರು. ಹುಡುಗ ತನ್ನ ಸೀರೆಯ ತುಂಡನ್ನು ತೆಗೆದು ನನ್ನ ಕೈಯಲ್ಲಿಟ್ಟ.

ಆಮೇಲೆ ಸಿಸ್ಟರ್ ನನಗೆ ಬರವಣಿಗೆಯ ದಾರಿಯನ್ನು ಮೊದಲಿನಿಂದ ತೋರಿಸಿದರು. ಮೂರು ವರ್ಷದ ಬೆರಳಿಗೆ ಅಕ್ಷರಕ್ಕಿಂತ ಮುಂಚೆ ಬಲ ಬೇಕು. ಮಣಿ ಪೋಣಿಸುವುದು, ಜೇಡಿಮಣ್ಣು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಅವರೆಕಾಯಿ ಸುಲಿಯುವುದು, ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಸುರಿಯುವುದು. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದಾಗ ಮಾಡಿದ್ದೂ ಇಂಥ ಕೆಲಸವನ್ನೇ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಅವರು ಮಹಾಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲೇ ಉಳಿದು ಶಿಕ್ಷಕಿಯರನ್ನು ತಯಾರು ಮಾಡಿದರು. ಅವರ ವಿಧಾನದಲ್ಲಿ ಮಗು ಮೊದಲು ಒರಟಾದ ಅಕ್ಷರವನ್ನು ಬೆರಳಿನಿಂದ ಸವರುತ್ತದೆ. ನಾವು ಬಡಗಿಗಳು ಬಳಸುವ ಉಪ್ಪುಕಾಗದವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡೆವು. ಅಕ್ಷರಗಳ ಕ್ರಮಕ್ಕೆ ನಮ್ಮ ಸರ್ಕಾರಿ ಶಾಲೆಗಳ ನಲಿಕಲಿಯ ದಾರಿ ಹಿಡಿದೆವು: ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಸವರಿದ ಮೇಲೆ ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಬೆರಳಿನಿಂದ ಬರೆಯಬೇಕು. ತಪ್ಪಿದರೆ ತಟ್ಟೆ ಅಲ್ಲಾಡಿಸಿದರಾಯಿತು, ತಪ್ಪು ಮಾಯ.

ಪುಸ್ತಕ ಖಾಲಿ ಎಂದು ಕೆಲವು ಪೋಷಕರು ಮುನಿಸಿಕೊಂಡರು. ಅವರಿಗೆ ನಾನು ಹೇಳಿದ ಯಾವ ಮಾತೂ ನಾಟಲಿಲ್ಲ. ಕೊನೆಗೆ ನಮ್ಮ ಪಕ್ಷ ವಹಿಸಿದವರು ಒಬ್ಬ ಹುಡುಗಿಯ ಅಜ್ಜಿ. ರಾಗಿ ತಟ್ಟೆಯನ್ನು ನೋಡಿ, “ಶೃಂಗೇರಿಯಲ್ಲಿ ಶಾರದಮ್ಮನ ಮುಂದೆ ಇವಳ ಕೈ ಹಿಡಿದು ಅಕ್ಕಿಯ ಮೇಲೆ ಬರೆಸಿದ್ದೆವು. ಇಲ್ಲಿ ರಾಗಿಯ ಮೇಲೆ ಬರೆಯುತ್ತಾಳೆ. ಇದರಲ್ಲಿ ಹೊಸದೇನಿದೆ?” ಎಂದು ಮಗನನ್ನೇ ಕೇಳಿದರು. ಅಕ್ಷರಾಭ್ಯಾಸದಲ್ಲಿ ಒಂದು ಸಲ ಮಾಡಿ ಬಿಡುವುದನ್ನು ನಾವು ವರ್ಷವಿಡೀ ಮಾಡುತ್ತಿದ್ದೆವು. ಆ ಅಜ್ಜಿಗೆ ಅದು ಒಂದೇ ನೋಟಕ್ಕೆ ತಿಳಿಯಿತು.

ಬೈಬಲ್ ಕಥೆಗೆ ಬರುತ್ತೇನೆ. ನಾನು ಜ್ಞಾನೋಪದೇಶ, ಅಂದರೆ ಚರ್ಚಿನ ಧರ್ಮಪಾಠ, ಕಲಿತದ್ದು ಪ್ರಶ್ನೋತ್ತರ ರೂಪದಲ್ಲಿ. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಒಪ್ಪಿಸಬೇಕು, ತಡೆದರೆ ಅಂಗೈಗೆ ಪೆಟ್ಟು. ಹಾಗಾಗಿ ಕಥೆ ಎಂದರೆ ನೀತಿ ಹೇಳಲು ಇರುವ ನೆಪ ಎಂದೇ ನನ್ನ ತಲೆಯಲ್ಲಿತ್ತು. ಆಗಸ್ಟಿನಲ್ಲಿ ಕಳೆದುಹೋದ ಕುರಿಯ ಕಥೆ ಹೇಳಿದೆ. ನೂರು ಕುರಿಗಳಿದ್ದ ಕುರಿಗಾಹಿಯೊಬ್ಬ ತೊಂಬತ್ತೊಂಬತ್ತನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತಂದ. ಅಲ್ಲಿಂದ ಮುಂದೆ, ಅಪ್ಪ ಅಮ್ಮನ ಮಾತು ಕೇಳಬೇಕು, ಒಬ್ಬರೇ ಎಲ್ಲಿಗೂ ಹೋಗಬಾರದು ಎಂದೆಲ್ಲ ಹೇಳುತ್ತಾ ಹೋದೆ. ಮಕ್ಕಳು ಹೊರಟ ಮೇಲೆ ಸಿಸ್ಟರ್ ಕೇಳಿದರು: “ಕಥೆ ಎಲ್ಲಿ ಮುಗಿಯಿತು?”

“ಕುರಿ ಸಿಕ್ಕಿದಲ್ಲಿ, ಸಿಸ್ಟರ್.”

“ಹಾಗಾದರೆ ನಾಳೆ ಅಲ್ಲಿಯೇ ನಿಲ್ಲಿಸಿ.”

ಇಟಲಿಯಲ್ಲಿ ಸೋಫಿಯಾ ಕವಲ್ಲೆಟ್ಟಿ ಎಂಬ ಬೈಬಲ್ ವಿದ್ವಾಂಸೆ 1954ರಲ್ಲಿ, ಮಾಂಟೆಸ್ಸರಿ ವಿಧಾನ ಬಲ್ಲ ಜಾನ್ನಾ ಗೊಬ್ಬಿಯವರ ಜೊತೆ ಸೇರಿ ಚಿಕ್ಕ ಮಕ್ಕಳಿಗಾಗಿ ಒಂದು ಕ್ರಮ ಆರಂಭಿಸಿದರು. ಒಳ್ಳೆಯ ಕುರಿಗಾಹಿಯ ಹೆಸರಿನಲ್ಲೇ ಅದು ಇಂದು ಪ್ರಸಿದ್ಧವಾಗಿದೆ. ಅದರಲ್ಲಿ ದೊಡ್ಡವರು ಕಡಿಮೆ ಮಾತಾಡುತ್ತಾರೆ. ಕಥೆಯನ್ನು ಹೇಳಿ, ಮರದ ಗೊಂಬೆಗಳನ್ನು ಮಗುವಿನ ಮುಂದಿಟ್ಟು, ಕಾಯುತ್ತಾರೆ. ಸಿಸ್ಟರ್ ಅದನ್ನು ಓದಿ ತಿಳಿದಿದ್ದರು. ನಮ್ಮ ಚರ್ಚಿನ ಬಡಗಿಯೊಬ್ಬರು ಸಿಲ್ವರ್ ಓಕ್ ಮರದ ತುಂಡುಗಳಿಂದ ಹತ್ತು ಕುರಿ, ಒಬ್ಬ ಕುರಿಗಾಹಿ, ಒಂದು ಬಾಗಿಲಿರುವ ದುಂಡು ಬೇಲಿ ಮಾಡಿಕೊಟ್ಟರು. ನೂರು ಎಂಬ ಎಣಿಕೆ ಆ ವಯಸ್ಸಿಗೆ ಎಟುಕುವುದಿಲ್ಲ; ಹತ್ತು ಬೆರಳುಗಳ ಮೇಲೆ ನಿಲ್ಲುತ್ತದೆ.

ಆದರೆ ಮಲೆನಾಡಿನ ನಮ್ಮ ಮಕ್ಕಳಲ್ಲಿ ಬಹುಪಾಲು ಕುರಿಯನ್ನೇ ಹತ್ತಿರದಿಂದ ನೋಡಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕರು. ಒಬ್ಬ ಹುಡುಗಿ, ತಮ್ಮ ಮನೆಯ ಕರು ತೋಟದಲ್ಲಿ ತಪ್ಪಿಸಿಕೊಂಡ ರಾತ್ರಿ ಅಜ್ಜ ಟಾರ್ಚ್ ಹಿಡಿದು ಹೋದದ್ದನ್ನು ಹೇಳಿದಳು. ಕಥೆ ಅವರ ಅಂಗಳಕ್ಕೆ ಬಂತು ಎಂದು ನನಗೆ ಸಂತೋಷವಾಯಿತು. ಆಗ, ನಾನು ಕೈ ಹಿಡಿದು ಬರೆಸಿದ್ದ ಆ ಹುಡುಗ ಕೇಳಿದ: “ಅವನು ಹುಡುಕಲು ಹೋದಾಗ ಉಳಿದ ಕುರಿಗಳ ಹತ್ತಿರ ಆನೆ ಬಂದರೆ?”

ಆಲ್ದೂರು, ಮೂಡಿಗೆರೆ ಕಡೆಯವರಿಗೆ ಇದು ಕಟ್ಟುಕಥೆಯ ಪ್ರಶ್ನೆಯಲ್ಲ. ಕತ್ತಲಾದ ಮೇಲೆ ತೋಟದಲ್ಲಿ ಆನೆ ನಿಂತಿದೆ ಎಂಬ ಸುದ್ದಿ ಬಂದರೆ ಲೈನ್ ಮನೆಗಳ ಬಾಗಿಲು ಬೆಳಗಿನವರೆಗೆ ತೆರೆಯುವುದಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹೇಳಿದವರು ಬಾಗಿಲ ಬಳಿ ನೆಲ ಒರೆಸುತ್ತಿದ್ದ ಆಯಮ್ಮ. ಅವರು ಕಡೂರಿನ ಬಯಲು ಸೀಮೆಯವರು, ಚಿಕ್ಕಂದಿನಲ್ಲಿ ತಂದೆಯ ಜೊತೆ ಕುರಿ ಕಾಯ್ದವರು. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಮಕ್ಕಳ ನಡುವೆ ಕುಳಿತು ಹೇಳಿದರು: “ಕುರಿಯನ್ನು ಬಯಲಲ್ಲಿ ಬಿಟ್ಟು ಯಾರೂ ಹೋಗುವುದಿಲ್ಲ ಮಗಾ. ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಕೂಡುತ್ತೇವೆ. ಒಬ್ಬ ಹುಡುಕಲು ಹೋದರೆ ಇನ್ನೊಬ್ಬ ರೊಪ್ಪದ ಬಾಗಿಲಿಗೆ ಅಡ್ಡ ಮಲಗುತ್ತಾನೆ. ತೋಳ ಬಂದರೂ ಮೊದಲು ಅವನನ್ನು ದಾಟಬೇಕು. ನಮ್ಮಪ್ಪ ಕಂಬಳಿ ಹೊದ್ದು ಹಾಗೆಯೇ ಮಲಗುತ್ತಿದ್ದರು.” ಕುರಿಗಳು ಬೇರೆಯವರು ಕರೆದರೆ ತಲೆಯೆತ್ತುವುದಿಲ್ಲ, ಸಾಕಿದವರ ದನಿಗೆ ಮಾತ್ರ ಬರುತ್ತವೆ ಎಂದೂ ಹೇಳಿದರು. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ತಂದೆಯ ಕರೆಯನ್ನು ಮಾಡಿ ತೋರಿಸಿದರು. ಇಪ್ಪತ್ತೆರಡು ಮಕ್ಕಳೂ ತಲೆಯೆತ್ತಿದರು.

ಯೋಹಾನನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ಕುರಿಗಾಹಿ ಎಂದೂ ಬಾಗಿಲು ಎಂದೂ ಕರೆದುಕೊಳ್ಳುತ್ತಾರೆ. ಒಬ್ಬರೇ ಎರಡೂ ಹೇಗೆ ಎಂಬುದು ನನಗೆ ಚಿಕ್ಕಂದಿನಿಂದ ಬಿಡಿಸಲಾಗದ ಒಗಟಾಗಿತ್ತು. ಕೇಳಿದರೆ ಪೆಟ್ಟು ಬೀಳುತ್ತದೆಂದು ಕೇಳಿರಲಿಲ್ಲ. ಆ ಮಧ್ಯಾಹ್ನ, ಒದ್ದೆ ನೆಲದ ಮೇಲೆ, ಚರ್ಚಿಗೆ ಒಂದು ದಿನವೂ ಬಾರದ ಆಯಮ್ಮನಿಂದ ನನಗೆ ಅದು ಅರ್ಥವಾಯಿತು.

ಸೆಪ್ಟೆಂಬರಿನಲ್ಲಿ ಮಳೆ ತಗ್ಗಿದ ಮೇಲೆ ಮೌನದ ಆಟ ಆರಂಭಿಸಿದೆವು. ಹೆಂಚಿನ ಮೇಲೆ ಮಳೆ ಸುರಿಯುವಾಗ ಅದನ್ನು ಆಡಲು ಸಾಧ್ಯವೇ ಇಲ್ಲ. ಇದೂ ಮಾಂಟೆಸ್ಸರಿಯವರದೇ ಆಟ: ಮಕ್ಕಳು ಅಲುಗಾಡದೆ ಕೂರುತ್ತಾರೆ, ಪಕ್ಕದ ಕೋಣೆಯಿಂದ ಶಿಕ್ಷಕಿ ಒಬ್ಬೊಬ್ಬರ ಹೆಸರನ್ನೂ ಪಿಸುಗುಡುತ್ತಾಳೆ, ಕೇಳಿಸಿಕೊಂಡ ಮಗು ಸದ್ದಿಲ್ಲದೆ ಎದ್ದು ಬರುತ್ತದೆ. ಮೊದಲ ದಿನ ಅರ್ಧ ನಿಮಿಷ ನಡೆಯಿತು. ತಿಂಗಳ ಕೊನೆಗೆ ಗೋಡೆಯ ಗಡಿಯಾರದ ಸದ್ದು, ಸಿಲ್ವರ್ ಓಕ್ ಎಲೆ ಜಗಲಿಗೆ ಬಿದ್ದ ಸದ್ದು ಕೇಳುವಷ್ಟು ನಿಶ್ಶಬ್ದ. ಕೊನೆಯ ಹೆಸರು ಕರೆಯುವವರೆಗೆ ಒಂದು ಮಗು ಒಬ್ಬಂಟಿಯಾಗಿ ಕಾಯಬೇಕು. ತನ್ನ ಹೆಸರು ಬಂದೇ ಬರುತ್ತದೆ ಎಂದು ಕಾಯುವ ಆ ಮುಖವನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅಸ್ಸಾಮಿನ ಹುಡುಗಿ ನಮ್ಮ ಮಾತಿಗೆ ಮೊದಲ ಬಾರಿ ಎದ್ದು ಬಂದದ್ದು ಈ ಆಟದಲ್ಲಿಯೇ. ಕನ್ನಡ ಬಾರದವಳಿಗೂ ತನ್ನ ಹೆಸರು ಗೊತ್ತಿತ್ತಲ್ಲ.

ಅದೇ ತಿಂಗಳ 8ರಂದು ಮಾತೆ ಮರಿಯಳ ಹುಟ್ಟಿದ ಹಬ್ಬ. ನಮ್ಮ ಕೊಂಕಣಿ ಮನೆಗಳಲ್ಲಿ ಮೊಂತಿ ಹಬ್ಬ ಎನ್ನುತ್ತೇವೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಮಲೆನಾಡಿನ ಅಂಗಳಗಳಲ್ಲಿ ಡೇರೆ ಹೂ ಅರಳಿ ನಿಂತಿರುವ ಕಾಲ. ಗೌರಿ ಹಬ್ಬಕ್ಕೆಂದು ಕೊಯ್ದ ಹೂವಿನಲ್ಲಿ ಮಿಕ್ಕಿದ್ದನ್ನು ಹಿಂದೂ ಮನೆಗಳವರೂ ಮಕ್ಕಳ ಕೈಯಲ್ಲಿ ಕಳುಹಿಸಿದರು. ಹಬ್ಬದ ಮರುದಿನ ಚರ್ಚಿನಲ್ಲಿ ಹರಸಿದ ಭತ್ತದ ತೆನೆ ತಂದು ಪ್ರತಿ ಮಗುವಿಗೂ ಒಂದೊಂದು ಕಾಳು ಕೊಟ್ಟೆವು. ಉಗುರಿನಿಂದ ಹೊಟ್ಟು ಬಿಡಿಸಿ ಒಂದು ಅಕ್ಕಿಕಾಳು ಹೊರತೆಗೆಯಲು ನಾಲ್ಕು ವರ್ಷದವರಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಅಂದು ಊಟದ ಡಬ್ಬಿಯಲ್ಲಿ ಯಾರೂ ಅನ್ನ ಬಿಡಲಿಲ್ಲ. ಬಿಡಬೇಡಿ ಎಂದು ನಾವು ಹೇಳಿರಲೂ ಇಲ್ಲ.

ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಲೈನ್ ಮನೆಗಳ ಮಕ್ಕಳು ತಾಯಂದಿರ ಜೊತೆ ತೋಟಕ್ಕೆ ಹೋಗಿಬಿಡುತ್ತಾರೆ, ತರಗತಿ ಅರ್ಧ ಖಾಲಿ. ಉಳಿದವರನ್ನು ಕಟ್ಟಿಕೊಂಡು ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಕೆಲಸ ನಡೆಸಿದೆವು. ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಬಿತ್ತಿ ನೀರು ಚಿಮುಕಿಸಿದರೆ ಕ್ರಿಸ್ಮಸ್ ಹೊತ್ತಿಗೆ ಬೆತ್ಲೆಹೇಮಿಗೆ ಹಸಿರು ಹೊಲ ಸಿದ್ಧ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಅನೇಕ ಕಥೋಲಿಕ ಶಾಲೆಗಳಲ್ಲಿ ಒಂದು ರೂಢಿಯಿದೆ. ಮಗು ಒಂದು ಒಳ್ಳೆಯ ಕೆಲಸ ಮಾಡಿದರೆ ಖಾಲಿ ಗೋದಲಿಗೆ ಒಂದು ಎಳೆ ಹುಲ್ಲು ಇಡುವುದು. ಬಾಲಯೇಸುವಿಗೆ ಹಾಸಿಗೆ ಮೆತ್ತಗಾಗಲಿ ಎಂದು. ನಾನೂ ಹಾಗೆ ಮಾಡಿಸಿದೆ. ಮೂರೇ ದಿನಗಳಲ್ಲಿ ಅದು ಕೆಟ್ಟಿತು. “ನಾನು ಏಳು ಇಟ್ಟೆ, ಅವನು ಎರಡೇ” ಎಂದು ಜಗಳ. ಒಬ್ಬ ಪಕ್ಕದವಳ ಪೆನ್ಸಿಲನ್ನು ಬೇಕೆಂದೇ ಬೀಳಿಸಿ, ಎತ್ತಿಕೊಟ್ಟು, ಹುಲ್ಲಿಗೆ ಓಡಿದ.

ರಾತ್ರಿ ಇದನ್ನೇ ಯೋಚಿಸಿ ಮರುದಿನ ಸಿಸ್ಟರ್ ಒಪ್ಪಿಗೆ ಪಡೆದು ನಿಯಮ ಬದಲಿಸಿದೆ: ಸಹಾಯ ಮಾಡಿದವರು ಹುಲ್ಲು ಇಡುವುದು ಬೇಡ. ಸಹಾಯ ಪಡೆದವರು ಇಡಲಿ. ಎರಡು ದಿನ ಗೋದಲಿಗೆ ಒಂದು ಎಳೆಯೂ ಬೀಳಲಿಲ್ಲ. ತನಗೆ ಯಾರು ಏನು ಮಾಡಿದರು ಎಂದು ನೋಡುವುದು ಅವರಿಗೆ ಹೊಸದಾಗಿತ್ತು. ಮೂರನೆಯ ದಿನ ಒಬ್ಬಳು ಬಂದು, “ಆಯಮ್ಮ ನನ್ನ ಮೂಗು ಒರೆಸಿದರು” ಎಂದು ಒಂದು ಎಳೆ ಇಟ್ಟಳು. ಆಮೇಲೆ ಸಾಲು ನಿಂತಿತು. ಸ್ವೆಟರಿನ ಗುಂಡಿ ಹಾಕಿದವರು, ಜೋಕಾಲಿ ತಳ್ಳಿದವರು, ಬೀಳುವಾಗ ಹಿಡಿದವರು, ಬಸ್ಸಿನಲ್ಲಿ ಕಿಟಕಿಯ ಜಾಗ ಬಿಟ್ಟುಕೊಟ್ಟ ಯಾರೋ ಗೊತ್ತಿಲ್ಲದ ಅಣ್ಣ. ಹದಿನೈದು ದಿನಗಳಲ್ಲಿ ಗೋದಲಿ ತುಂಬಿ ಹುಲ್ಲು ಹೊರಗೆ ಚೆಲ್ಲುತ್ತಿತ್ತು. ಎಣಿಸಲು ಯಾರೂ ಹೋಗಲಿಲ್ಲ. ಒಂದು ದಿನ ಅಸ್ಸಾಮಿನ ಹುಡುಗಿ ಹುಲ್ಲಿನ ಎಳೆ ಹಿಡಿದು ನಿಂತು, ತನ್ನ ಗೆಳತಿಯ ಕಡೆ ಬೆರಳು ತೋರಿಸಿ, “ಕಥೆ ಹೇಳಿದಳು” ಎಂದಳು. ಎರಡು ಕನ್ನಡ ಪದಗಳು.

ಮಾರ್ಚ್ ತಿಂಗಳ ಒಂದು ಶುಕ್ರವಾರ ಮರದ ಕುರಿಗಳಲ್ಲಿ ಒಂದು ಕಾಣೆಯಾಯಿತು. ಮೊದಲ ಮಳೆ ಬಿದ್ದು ಕಾಫಿ ಹೂ ಅರಳಿದ್ದ ವಾರ. ಗಾಳಿ ಬೀಸಿದಾಗ ತರಗತಿಯೊಳಗೂ ಮಲ್ಲಿಗೆಯಂಥ ಪರಿಮಳ ಬರುತ್ತಿತ್ತು. ಸಂಜೆ ಎತ್ತಿಡುವ ಸರದಿಯವಳು ಎಣಿಸಿ, ಮತ್ತೆ ಎಣಿಸಿ, “ಒಂಬತ್ತೇ ಇವೆ ಮಿಸ್” ಎಂದಳು. ಚಾಪೆ ಎತ್ತಿದರು. ಚಪ್ಪಲಿಯ ಗೂಡು, ರಾಗಿಯ ಡಬ್ಬಿ, ಜೇಡಿಮಣ್ಣಿನ ಬಕೆಟ್ಟು ಎಲ್ಲ ಹುಡುಕಿದರು. ಹೊರಗೆ ಆಟೋಗಳು ಹಾರ್ನ್ ಮಾಡುತ್ತಿದ್ದವು. ಒಬ್ಬರೂ ಹೊರಡಲು ಒಪ್ಪಲಿಲ್ಲ. ನಾಳೆ ಬಡಗಿ ಮಾಮನಿಗೆ ಹೇಳಿ ಇನ್ನೊಂದು ಮಾಡಿಸೋಣ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. “ಅದು ಬೇರೆ ಕುರಿ ಅಲ್ಲವಾ?” ಎಂದಳೊಬ್ಬಳು. ಕೊನೆಗೆ ಆಯಮ್ಮ, ತಾನು ರಾತ್ರಿ ಟಾರ್ಚ್ ಹಿಡಿದು ಅಂಗಳವೆಲ್ಲ ಹುಡುಕುತ್ತೇನೆ ಎಂದು ಮಾತು ಕೊಟ್ಟ ಮೇಲೆ ಮನೆಗೆ ಹೋದರು. ಆಯಮ್ಮ ನಿಜವಾಗಿಯೂ ಹುಡುಕಿದರು.

ಸೋಮವಾರ ಬೆಳಿಗ್ಗೆ, ಹಿಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಪಿಕಪ್ ಹತ್ತಿ ಹೋಗಿದ್ದ ಲೈನ್ ಮನೆಯ ಹುಡುಗ ಸ್ವೆಟರಿನ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದ. ಅವನ ತಾಯಿಯ ಸೀರೆಯ ತುಂಡು. ಒಳಗೆ ಕಿವಿ ಮುರಿದ ಕುರಿ.

ಏಕೆ ತೆಗೆದುಕೊಂಡು ಹೋದೆ ಎಂದು ಕೇಳಲು ಬಾಯಿ ತೆರೆದೆ, ತಡೆದುಕೊಂಡೆ. ಕಾದೆ. ಅವನು ಕುರಿಯನ್ನು ಬೇಲಿಯೊಳಗೆ ಇಟ್ಟು, ಬೇಲಿಯ ಬಾಗಿಲನ್ನು ತೋರಿಸಿದ.

“ರಾತ್ರಿ ಇಲ್ಲಿ ಯಾರೂ ಇರುವುದಿಲ್ಲ ಮಿಸ್. ಇವನು ನಿಂತೇ ಇರುತ್ತಾನೆ. ಬಾಗಿಲಿಗೆ ಯಾರೂ ಮಲಗಿಲ್ಲ.”

“ಉಳಿದ ಒಂಬತ್ತು?” ಎಂದು ಆಯಮ್ಮ ಕೇಳಿದರು.

“ಜೇಬಿನಲ್ಲಿ ಒಂದಕ್ಕೇ ಜಾಗ ಇತ್ತು.”

ಆಯಮ್ಮ ಅವನ ಪಕ್ಕ ಕುಳಿತರು. ಇಬ್ಬರೂ ಸೇರಿ ಕುರಿಗಾಹಿಯ ಗೊಂಬೆಯನ್ನು ಬಾಗಿಲಿಗೆ ಅಡ್ಡವಾಗಿ ಮಲಗಿಸಿ, ಸೀರೆಯ ತುಂಡನ್ನು ಅದಕ್ಕೆ ಹೊದಿಸಿದರು. ಈಗ ಪ್ರತಿ ಸಂಜೆ ಹೊರಡುವ ಮುಂಚೆ ಸರದಿಯ ಮಗು ಹತ್ತು ಕುರಿಗಳನ್ನು ಎಣಿಸಿ ಅವನನ್ನು ಹಾಗೆಯೇ ಮಲಗಿಸುತ್ತದೆ.